ಒಂದು ಕಿಲೋ ಇನ್ನೂರು ಗ್ರಾಂ

ಲಿಯೆಪಾಯದ ಅಂಚೆಮನೆಯಲ್ಲಿ
ಮೂವತ್ತೊಂದು ವರ್ಷ ತಕ್ಕಡಿ ನನ್ನದು.
ಪೊಟ್ಟಣ ಕೈಗೆ ಬಂದರೆ ಸಾಕು,
ಇದು ಜೇನು, ಇದು ಮದುವೆಯ ಬೂಟು,
ಇದು ಹಡಗಿನ ಮೇಲಿರುವ ಮಗನಿಗೆ ಉಣ್ಣೆಯ ಕಾಲುಚೀಲ
ಎಂದು ಬಿಚ್ಚದೆ ಹೇಳುತ್ತಿದ್ದೆ.
ಆದ್ದರಿಂದ ಮುಂದಿನದನ್ನು ನಗದೆ ಕೇಳಿ.

ನನ್ನ ಬಳಿ ಹನ್ನೊಂದು ಚದುರಂಗದ ಗಡಿಯಾರಗಳಿವೆ.
ನನಗೆ ಚದುರಂಗ ಬರುವುದಿಲ್ಲ.
ಒಂದೇ ಪೆಟ್ಟಿಗೆಗೆ ಎರಡು ಮುಖ,
ಒಂದು ಓಡುವಾಗ ಇನ್ನೊಂದು
ಉಸಿರು ಹಿಡಿದು ಕೂತಿರುತ್ತದೆ.
ಅದು ನನಗೆ ಇಷ್ಟ. ಅಷ್ಟೇ. ಬೇರೆ ಕತೆ ಇಲ್ಲ.

ಹನ್ನೆರಡನೆಯದು ಅಕ್ರೋಟ್ ಮರದ್ದು.
ಸಮಯ ಮುಗಿದಾಗ ಬೀಳುವ ಕೆಂಪು ಬಾವುಟ
ಅಕ್ಕಿಕಾಳಿನಷ್ಟು, ಎರಡೂ ಮುರಿಯದೆ ಉಳಿದಿದ್ದವು.
ಮಾರುವವನ ಹೆಸರು ಎಡ್ಮುಂಡ್ಸ್.
ಅಜ್ಜನ ಕಾಲದ್ದಂತೆ. ಮಗಳ ಹಲ್ಲಿಗೆ ತಂತಿ ಕಟ್ಟಿಸಬೇಕಂತೆ.
ನಂಬಿಕೆಗೆ ಇರಲಿ ಎಂದು
ಚೀಟಿಯಲ್ಲಿ ನನ್ನ ಹೆಸರು ಬರೆದು
ಗಡಿಯಾರಕ್ಕೆ ಒರಗಿಸಿ ಫೋಟೋ ಕಳಿಸಿದ: ವೆಲ್ಟಾ.
ನನ್ನ ಹೆಸರನ್ನು ಯಾರಾದರೂ ಕೈಯಲ್ಲಿ ಬರೆದು
ಎಷ್ಟು ಕಾಲವಾಗಿತ್ತು.

ನೂರ ಎಂಬತ್ತು ಯೂರೋ.
ನನ್ನ ನಡೆ ನಡೆದು ಗುಂಡಿ ಒತ್ತಿದೆ.
ಇನ್ನು ಓಡಬೇಕಾದದ್ದು ಅವನ ಗಡಿಯಾರ.

ಓಡಿತು. ನಾಳೆ ಎಂದ. ಜ್ವರ ಎಂದ.
ಹದಿನೇಳನೆಯ ದಿನ ಪೊಟ್ಟಣ ಬಂತು.
ಒಂದು ಕಿಲೋ ಇನ್ನೂರು ಗ್ರಾಂ. ಹೇಳಿದಷ್ಟೇ ತೂಕ.
ಕಿವಿಗೆ ಹಿಡಿದು ಅಲ್ಲಾಡಿಸಿದೆ,
ಒಳಗೆ ಏನೋ ಮರಳಿನಂತೆ ಜಾರಿತು.
ಕೈ ಹೇಳಿತು: ಉಪ್ಪು.
ಮನಸ್ಸು ಹೇಳಿತು: ನೀನು ಸುಮ್ಮನಿರು, ಬಿಚ್ಚಿ ನೋಡೋಣ.

ಉಪ್ಪು. ಕಲ್ಲುಪ್ಪು. ಕಿಲೋದ ಎರಡು ಚೀಲ,
ಎರಡನೆಯದರಿಂದ ಅಳೆದು ತೆಗೆದು
ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದಾನೆ ಪುಣ್ಯಾತ್ಮ,
ತೂಕದಲ್ಲಿ ಮಾತ್ರ ಮೋಸವಿಲ್ಲ.

ಠಾಣೆಯ ಹುಡುಗ ರೆನಾರ್ಸ್,
ಮೀಸೆ ಬರಲೋ ಬೇಡವೋ ಎನ್ನುತ್ತಿತ್ತು, ಕೇಳಿದ:
"ಗೆಳೆಯರಿಗೆ ಕಳಿಸುವ ದಾರಿಯಲ್ಲಿ ಯಾಕೆ ದುಡ್ಡು ಹಾಕಿದಿರಿ?
ಆ ದಾರಿಯಲ್ಲಿ ಹೋದದ್ದು ಹಿಂದೆ ಬರುವುದಿಲ್ಲ."
ಕಮಿಷನ್ ಉಳಿಯುತ್ತದೆ ಎಂದ ಅವನು, ಎಂದೆ.
"ಎಷ್ಟು?"
ಆರು ಯೂರೋ.
ಹುಡುಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ.
ಗಡಿಯಾರದ ನೆರಳು ಎಡಕ್ಕೆ, ಚೀಟಿಯ ನೆರಳು ಬಲಕ್ಕೆ.
ಒಂದೇ ಮೇಜು, ಎರಡು ಸೂರ್ಯ.
ನೋಡಬಹುದಿತ್ತು. ನಾನು ನೋಡಿದ್ದು ಅಕ್ಷರವನ್ನು.

ತಿಂಗಳಾಗುವ ಮೊದಲೇ ಅದೇ ಗಡಿಯಾರ
ಮತ್ತೆ ಮಾರಾಟಕ್ಕೆ ಕೂತಿತ್ತು.
ಈ ಸಲ ಕೊಳ್ಳುವವನು ಕುಲ್ಡೀಗಾದ ಇಲ್ಗ್ವಾರ್ಸ್.
ನಂಬರು ಹುಡುಕಿ ಫೋನು ಮಾಡಿದೆ.
ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ:
"ಅಮ್ಮಾ, ಗಡಿಯಾರ ನಿಮಗೇ ಬೇಕಾಗಿದೆ ಅಲ್ಲವೆ?
ನನ್ನ ಹೆಸರು ಬರೆದು ಕಳಿಸಿದ್ದಾನೆ. ಒಳ್ಳೆಯವನು."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ.
ಉಪ್ಪು ಕಳಿಸಿದವನು ಅವನು,
ಬಾಯಾರಿದವಳು ನಾನು.
ಸಾರಿಗೆ ಹಾಕಲು ಎರಡು ಸಲ ಚಮಚ ಎತ್ತಿದೆ,
ಅವನ ಉಪ್ಪಿನ ಋಣ ಬೇಡ ಎಂದು ಇಳಿಸಿದೆ.
ಚೆಲ್ಲಲು ಮನಸ್ಸಿಲ್ಲ. ನೂರ ಎಂಬತ್ತು ಯೂರೋದ್ದು.

ಜನವರಿಯಲ್ಲಿ ನಮ್ಮ ಕಟ್ಟಡದ ಮೆಟ್ಟಿಲು
ಗಾಜಿನಂತೆ ಹೆಪ್ಪುಗಟ್ಟುತ್ತದೆ.
ನಸುಕಿಗೇ ಇಳಿದು ಹೋಗಿ
ಮುಷ್ಟಿ ಮುಷ್ಟಿ ಎರಚಿದೆ.
ಕರಗುವ ಮಂಜು ಟಿಕ್ ಟಿಕ್ ಎನ್ನುತ್ತಿತ್ತು
ಎಂದು ಹೇಳಿದರೆ ಸುಳ್ಳಾದೀತು.
ಸದ್ದೇ ಇರಲಿಲ್ಲ, ಬೆರಳು ಮಾತ್ರ ಉರಿಯುತ್ತಿತ್ತು.

ಮೂರನೆಯ ಮಹಡಿಯ ಜಿಡ್ರಾ,
ಹೋದ ವರ್ಷ ಸೊಂಟ ಮುರಿದುಕೊಂಡವಳು,
ಕಂಬಿ ಹಿಡಿದು ಇಳಿದಳು. ಆಮೇಲೆ ಕಂಬಿ ಬಿಟ್ಟಳು.
"ಯಾರು ಉಪ್ಪು ಹಾಕಿದ್ದು?"
ಎಡ್ಮುಂಡ್ಸ್ ಅಂತ, ಎಂದೆ.
"ಯಾರೋ, ಒಳ್ಳೆಯವನು," ಎಂದು ಬ್ರೆಡ್ಡಿಗೆ ಹೋದಳು.

ಮೇಲೆ ಬಂದು ಉಳಿದದ್ದನ್ನು ತೂಗಿದೆ,
ಕೈಯ ಚಟ.
ನಾನೂರ ಹತ್ತು ಗ್ರಾಂ.